ಖಾಲಿ ಕೋಣೆಯ ಫ್ಯಾನು



ಇತ್ತೀಚೆಗೆ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಾರಂಡಹಳ್ಳಿಯ ನಮ್ಮ ಮಳಿಗೆಯ ಲೆಕ್ಕದ ಕೋಣೆಯ ಬೀಗ ತೆಗೆದೆವು. ಒಳಗೆ ಮೂರು ಫ್ಯಾನುಗಳು ಭರ್ರನೆ ತಿರುಗುತ್ತಿದ್ದವು. ಟ್ಯೂಬ್‌ಲೈಟು ಉರಿಯುತ್ತಿತ್ತು. ಅದರ ಕೆಳಗಿನ ಮೇಜಿನ ತುಂಬ ಸತ್ತ ಹುಳುಗಳು. ಶನಿವಾರ ಸಂಜೆ ಐದಕ್ಕೆ ಬೀಗ ಹಾಕಿದವರು ನಾವೇ. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂಬ ಅವಸರದಲ್ಲಿ ಹೊರಟವರೂ ನಾವೇ! ಹುಳುಹುಪ್ಪಟೆಗಳಿಗೆ ಹಿಂಸೆಯಾಗಬಾರದೆಂದು ರಾತ್ರಿಭೋಜನ ಬಿಟ್ಟವರ ಮಳಿಗೆಯಲ್ಲಿ ಈ ರಾಶಿ!

ಮನಸ್ಸು ಕುಗ್ಗಿತು. ವ್ಯಾಪಾರಿಗಳಲ್ಲವೇ, ಲೆಕ್ಕವನ್ನೂ ಹಾಕಿದೆವು. 75 ವಾಟಿನ ಮೂರು ಫ್ಯಾನು, 39 ಗಂಟೆ: ಎಂಟೂಮುಕ್ಕಾಲು ಯೂನಿಟ್. ಗಾಳಿ ಪಡೆದವರು ಯಾರೂ ಇಲ್ಲ.

ಕಟ್ಟಡ ತಾನಾಗಿ ವಿದ್ಯುತ್ತನ್ನು ನುಂಗುವುದಿಲ್ಲ. ಒಳಗಿರುವವರ ರೂಢಿ ನುಂಗಿಸುತ್ತದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೇರಿ ಸಂಸ್ಥೆಯ ಕಚೇರಿಯಿದೆ. ಅದರ ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿ, ಹಿಂದೆ ಪೊಳ್ಳು ಬಿಟ್ಟಿದ್ದಾರೆ. ಬಿಸಿಲಿಗೆ ಕಲ್ಲು ಕಾದಾಗ ಪೊಳ್ಳಿನ ಗಾಳಿ ಮೇಲೇರಿ ಹೊರಹೋಗುತ್ತದೆ. ಆ ಜಾಗ ತುಂಬಲು ಉತ್ತರದ ಕಡೆಯಿಂದ ತಂಗಾಳಿ ಒಳಬರುತ್ತದೆ. ಎಂಥ ಜಾಣ್ಮೆ! ಆದರೆ ಇಂಥ ಕಟ್ಟಡದಲ್ಲೂ ಕಿಟಕಿ ಮುಚ್ಚಿ, ಪರದೆ ಎಳೆದು, ಹಗಲಲ್ಲೇ ದೀಪ ಹಾಕಿ ಕುಳಿತರೆ ಕಟ್ಟಿದವರ ಶ್ರಮವೆಲ್ಲ ವ್ಯರ್ಥ.

ಏಸಿಯ ಮಾತೂ ಹಾಗೆಯೇ. ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ನಿಯಮದಂತೆ 2020ರ ಜನವರಿಯಿಂದ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು 6 ಪಾಲು ವಿದ್ಯುತ್ ಉಳಿಯುತ್ತದೆಂದು ಬ್ಯೂರೋ ಹೇಳುತ್ತದೆ. ಆದರೆ ರಿಮೋಟು ನಮ್ಮ ಕೈಯಲ್ಲಿದೆ. ಯಜಮಾನರು 18ಕ್ಕೆ ಇಳಿಸಿ ಶಾಲು ಹೊದ್ದು ಕುಳಿತರೆ ನಿಯಮ ಏನು ಮಾಡೀತು?

ಸೆಕೆ ತಡೆಯಲಾಗದು ಎನ್ನುವಿರಾ? ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ ಸೇರಿದಂತೆ ಐದು ಊರುಗಳ ಕಚೇರಿಗಳಲ್ಲಿ ಕೆಲಸಗಾರರನ್ನೇ ಕೇಳಿ, 2014ರಲ್ಲಿ ವರದಿ ಹೊರತಂದರು. ಕಿಟಕಿ ತೆರೆದು ಫ್ಯಾನು ಹಾಕಿಕೊಂಡು ಕೆಲಸ ಮಾಡುವವರು ಹೊರಗಿನ ಹವೆಗೆ ತಕ್ಕಂತೆ ಒಗ್ಗಿಕೊಳ್ಳುತ್ತಾರೆ, ಹೆಚ್ಚು ಬಿಸಿಯಲ್ಲೂ ನೆಮ್ಮದಿಯಾಗಿರುತ್ತಾರೆ ಎಂಬುದು ಅದರ ಸಾರ. ದೇಹಕ್ಕೆ ಅಭ್ಯಾಸವೇ ಗುರು.

ಇದು ಬರೀ ಬಿಲ್ಲಿನ ಮಾತಾಗಿದ್ದರೆ ಈ ಅಂಕಣದಲ್ಲಿ ಬರೆಯುತ್ತಿರಲಿಲ್ಲ. ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಹುಟ್ಟುವುದು ಕಲ್ಲಿದ್ದಲಿನ ಬೆಂಕಿಯಿಂದ. ಪಕ್ಕದ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲೇ ಅಂಥ ದೊಡ್ಡ ಸ್ಥಾವರವಿದೆ. ಸ್ವಿಚ್ಚು ನಮ್ಮ ಗೋಡೆಯಲ್ಲಿ, ಒಲೆ ಮಾತ್ರ ದೂರದಲ್ಲಿ. ಅಗ್ನಿಕಾಯಿಕ, ವಾಯುಕಾಯಿಕ ಜೀವಗಳನ್ನು ನಂಬುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆದಕುವುದೇ ಅದು. ಗೃಹಸ್ಥನಿಗೆ ದೀಪ ಬೇಕು, ಗಾಳಿ ಬೇಕು, ಅದು ತಪ್ಪಲ್ಲ. ಖಾಲಿ ಕೋಣೆಯ ಫ್ಯಾನಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಮನೆಯಲ್ಲಿ ಅಮ್ಮನ ಕಣ್ಣು ಪ್ರತಿ ಸ್ವಿಚ್ಚಿನ ಮೇಲಿರುತ್ತದೆ. ಮಳಿಗೆಯಲ್ಲಿ ಸ್ವಿಚ್ಚು ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಗುಮಾಸ್ತರನ್ನು ಗದರಿಸಿ ಫಲವಿಲ್ಲ. ಯಜಮಾನರು ಮಾಡಿದ್ದನ್ನೇ ಅವರೂ ಮಾಡುತ್ತಾರೆ. ನಾವು ಈಗ ಎರಡು ಕೆಲಸ ಹಿಡಿದಿದ್ದೇವೆ. ಬೀಗ ಹಾಕುವವರೇ ಎಲ್ಲ ಕೋಣೆಗಳಿಗೂ ಒಂದು ಸುತ್ತು ಹೋಗಿ ಬರುವುದು. ರೋಕಡ ಪುಸ್ತಕ ಮುಗಿಸುವಾಗ ಕೊನೆಯ ಸಾಲಿನಲ್ಲಿ ಮೀಟರಿನ ಅಂಕಿ ಬರೆಯುವುದು. ಪೈಸೆ ಹೆಚ್ಚುಕಡಿಮೆಯಾದರೆ ನಿದ್ದೆ ಬಾರದ ನಮಗೆ ಈ ಅಂಕಿಯೂ ಕಣ್ಣಿಗೆ ಚುಚ್ಚಲಿ.

ಮುಂದಿನ ಚಾತುರ್ಮಾಸದಲ್ಲಿ ಉಪವಾಸ, ಏಕಾಶನಗಳ ಜೊತೆಗೆ ಈ ಪುಟ್ಟ ನಿಯಮವನ್ನೂ ಸ್ವೀಕರಿಸೋಣವೇ? ಹೊಟ್ಟೆ ಹಸಿಯುವುದಿಲ್ಲ, ಖರ್ಚಿಲ್ಲ. ಹೊರಡುವಾಗ ಒಮ್ಮೆ ಹಿಂದಿರುಗಿ ನೋಡಿದರೆ ಸಾಕು.

ಜೈ ಜಿನೇಂದ್ರ.