ಸಾಲ ಮುಗೀತು ಸರಿ, ಬೋಜಾ ಹೋಯ್ತಾ?

ಸಾಲದ ಲೆಕ್ಕ | ಭಾಗ 6

ನೌಬಾದದಲ್ಲಿ ಪ್ಲಾಟ್ ಇರಲಿ, ಭಾಲ್ಕಿ ಕಡೆ ಹೊಲ ಇರಲಿ, ಔರಾದದಲ್ಲಿ ಟ್ರ್ಯಾಕ್ಟರ್ ಇರಲಿ, ಅದನ್ನ ಇಟ್ಟು ಸಾಲ ತೆಗೆದ್ರೆ ಒಂದು ಕಡೆ ಬರೀತಾರೆ. ಹೊಲದ ಸಾಲ ಪಹಣಿಯ 11ನೇ ಕಾಲಂನಲ್ಲಿ. ಗಾಡಿ ಸಾಲ ಆರ್‌ಸಿಯಲ್ಲಿ. ಮನೆ, ಪ್ಲಾಟಿನ ಸಾಲ 2011ರಲ್ಲಿ ಶುರುವಾದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ.

ಬರೆಯೋದು ತಪ್ಪಲ್ಲ. ಬರೆಯದಿದ್ರೆ ಒಂದೇ ಆಸ್ತಿ ತೋರಿಸಿ ಇಬ್ಬರ ಹತ್ತಿರ ಸಾಲ ತೆಗೀಬಹುದು, ಗೊತ್ತಿಲ್ಲದವರಿಗೆ ಮಾರಲೂಬಹುದು. ಅದಕ್ಕೇ ಕಾನೂನು ಇಲ್ಲಿ ಬಿಗಿ ಅದ: 2020ರ ಜನವರಿ 24ರಿಂದ, ಸೆರ್ಸಾಯ್‌ನಲ್ಲಿ ನೋಂದಾಯಿಸದ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ಆಸ್ತಿ ವಶಕ್ಕೆ ತಗೊಳ್ಳೋ ಹಾಗಿಲ್ಲ.

ನನ್ನ ತಕರಾರು ಅಳಿಸೋದರ ಬಗ್ಗೆ.

ಸಾಲ ಕೊಡುವಾಗ ಬೋಜಾ ಏರಿಸೋದು ಬ್ಯಾಂಕಿನ ಕೆಲಸ. ತೀರಿಸಿದ ಮೇಲೆ ಇಳಿಸೋದು ಮಾತ್ರ ರೈತನ ಓಡಾಟ ಯಾಕಾಗಬೇಕು? ಹಳೇ ಬೋಜಾ ಉಳಿದ್ರೆ ಬಿತ್ತನೆ ಹೊತ್ತಿಗೆ ಇನ್ನೊಂದು ಬ್ಯಾಂಕು ಸಾಲ ಕೊಡಲ್ಲ, ಹೊಲ ಮಾರಬೇಕಂದ್ರೆ ಗಿರಾಕಿ ಹಿಂದೆ ಸರೀತಾನೆ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಇದಕ್ಕೆ ನಿಯಮ ಮಾಡ್ಯದ, ಆದ್ರೆ ಅದು ಮನೆ ಸಾಲದಂಥ ವೈಯಕ್ತಿಕ ಸಾಲಗಳಿಗೆ (ಪರ್ಸನಲ್ ಲೋನ್) ಮಾತ್ರ, ಬೆಳೆ ಸಾಲಕ್ಕಲ್ಲ. ಅದೇ ವರ್ಷ ಡಿಸೆಂಬರ್ 1ರಿಂದ ಜಾರಿ. ಪೂರ್ತಿ ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ವಾಪಸ್ ಕೊಡಬೇಕು, ಎಲ್ಲೆಲ್ಲಿ ಬೋಜಾ ನೋಂದಾಯಿಸ್ಯಾರೋ ಅಲ್ಲೆಲ್ಲ ತೆಗೆಸಬೇಕು. ತಪ್ಪು ಅವರದಾಗಿ ತಡವಾದ್ರೆ ನಿಮಗೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಗ್ರಾಮೀಣ ಬ್ಯಾಂಕು, ಡಿಸಿಸಿ ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲರಿಗೂ ಇದು ಅನ್ವಯ.

ಆದ್ರೆ ಊರಿನ ಪಿಕೆಪಿಎಸ್ ಈ ನಿಯಮದೊಳಗೆ ಬರಲ್ಲ. ಸಣ್ಣ ರೈತ ಮೊದಲು ಬಾಗಿಲು ತಟ್ಟೋದೇ ಅಲ್ಲಿ! ಸಹಕಾರ ಸಂಘಗಳು ರಾಜ್ಯದ ಕೈಯಲ್ಲಿವೆ. ಅವುಗಳಿಗೂ ಇದೇ 30 ದಿನ, ಇದೇ ದಂಡ ಇರಬೇಕು ಅನ್ನೋದು ನನ್ನ ಮಾತು. ಏರಿಸಿದವರೇ ಇಳಿಸಲಿ.

ಅಲ್ಲೀತನಕ ನೀವು ಇಷ್ಟು ಮಾಡ್ರಿ:
✅ ಕೊನೇ ಕಂತು ಕಟ್ಟಿದ ದಿನವೇ ಬೋಜಾ ಇಳಿಸಲು ಅರ್ಜಿ ಕೊಡಿ, ನಕಲಿನ ಮೇಲೆ ಸಿಕ್ಕಾ ಮತ್ತು ತಾರೀಖು ಹಾಕಿಸ್ಕೊಳ್ಳಿ.
✅ ಗಾಡಿ ಆದ್ರೆ ಎನ್‌ಒಸಿ ಜೊತೆ ಫಾರಂ 35 ಕೇಳಿ.
✅ ತಿಂಗಳಾದ ಮೇಲೆ ಹೊಸ ಪಹಣಿ ತೆಗೆಸಿ, 11ನೇ ಕಾಲಂ ನೋಡಿ.
✅ ಬೋಜಾ ಇನ್ನೂ ಇದ್ರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, ವೈಯಕ್ತಿಕ ಸಾಲ ಆಗಿದ್ರೆ ದಿನಕ್ಕೆ 5,000ದ ನಿಯಮ ಅದರಲ್ಲೇ ಬರೀರಿ.

"ನೋ ಡ್ಯೂ" ಚೀಟಿ ಸಿಕ್ತಂತ ಸುಮ್ಮನಾಗಬ್ಯಾಡ್ರಿ. ಚೀಟಿ ನಿಮ್ಮ ಪೆಟ್ಟಿಗೆಯಲ್ಲಿರ್ತದ, ಪಹಣಿ ಊರೆಲ್ಲ ನೋಡ್ತದ.

ನಿಮ್ಮ ಪಹಣಿಯಲ್ಲಿ ತೀರಿದ ಸಾಲ ಇನ್ನೂ ಕೂತದಾ? ಕಮೆಂಟಲ್ಲಿ ಹೇಳ್ರಿ 👇

#ಬೀದರ್ #ನೌಬಾದ #ಪಹಣಿ #ಸಾಲದಲೆಕ್ಕ