ಮಂತ್ರಕ್ಕೆ ಬಾಲ ಕಟ್ಟಿದರೆ ಬಲ ಬರುತ್ತದೆಯೇ?

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಜಗಳಕ್ಕೆ ಬನ್ನಿ. ಕಥೆಯಲ್ಲಿ ಬರುವ ಮಂತ್ರದ ಹಿಂದೆ 'ಮ್ಯಾಕ್ಸಿಮಾ' ಅಂತ ಒಂದು ಬಾಲ ಅಂಟಿಸಿ, ನೋಡಿ ಈಗ ಇದು ದೊಡ್ಡ ಮಂತ್ರ ಅನ್ನುವುದು ಶುದ್ಧ ಸೋಮಾರಿತನ. ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟ ನಮ್ಮವರಲ್ಲೂ ಕೆಲವರಿಗೆ ಇದೇ ಚಾಳಿ. ಇಲ್ಲಿ ಮ್ಯಾಕ್ಸಿಮಾ ಬದಲು 'ಮಹಾ', ಅಷ್ಟೇ. ಖಳನಾಯಕ 'ಅಗ್ನಿ' ಅಂತಾನೆ, ನಾಯಕ 'ಮಹಾಗ್ನಿ' ಅಂತಾನೆ, ಖಳ 'ಮಹಾಮಹಾಗ್ನಿ' ಅಂತಾನೆ... ಸ್ವಾಮಿ, ಇದು ಮಾಂತ್ರಿಕರ ಕಾಳಗವೋ ಅಥವಾ ಹರಾಜು ಕೂಗುವುದೋ?

ಎಲ್ಲರಿಗೂ ಗೊತ್ತಿರುವ ಹ್ಯಾರಿ ಪಾಟರ್‌ನನ್ನೇ ತೆಗೆದುಕೊಳ್ಳೋಣ. 'ಲ್ಯೂಮೋಸ್' ಅಂದರೆ ಮಂತ್ರದಂಡದ ತುದಿಯಲ್ಲಿ ಬೆಳಕು. 2004ರ 'ಪ್ರಿಸನರ್ ಆಫ್ ಅಜ್ಕಬಾನ್' ಸಿನಿಮಾ ಶುರುವಾಗುವುದೇ ಹ್ಯಾರಿ ಹೊದಿಕೆಯೊಳಗೆ ಕೂತು 'ಲ್ಯೂಮೋಸ್ ಮ್ಯಾಕ್ಸಿಮಾ' ಅಭ್ಯಾಸ ಮಾಡುವುದರಿಂದ. ಆದರೆ ರೌಲಿಂಗ್ ಬರೆದ ಏಳು ಕಾದಂಬರಿಗಳಲ್ಲಿ (1997ರಿಂದ 2007) ಎಲ್ಲೂ ಈ ಮ್ಯಾಕ್ಸಿಮಾ ಇಲ್ಲ! ಕೊನೆಯ ಪುಸ್ತಕದಲ್ಲಿ ಹಾಗ್ವರ್ಟ್ಸ್ ಕೋಟೆ ಕಾಯಲು ಪ್ರೊಫೆಸರ್ ಫ್ಲಿಟ್‌ವಿಕ್ ಹೇಳುವುದು 'ಪ್ರೊಟೆಗೊ ಹಾರಿಬಿಲಿಸ್'. 2011ರ ಸಿನಿಮಾದಲ್ಲಿ ಅದು 'ಪ್ರೊಟೆಗೊ ಮ್ಯಾಕ್ಸಿಮಾ' ಆಗಿಬಿಟ್ಟಿದೆ. ಹಾರಿಬಿಲಿಸ್ ಅನ್ನುವ ಪದ ಕೇಳಿದರೆ ಏನೋ ಭಯಾನಕವಾದದ್ದು ಬರುತ್ತಿದೆ ಅನಿಸುತ್ತದೆ. ಮ್ಯಾಕ್ಸಿಮಾ ಅಂದರೆ? ರೇಡಿಯೋ ವಾಲ್ಯೂಮ್ ತಿರುಗಿಸಿದ ಹಾಗೆ, ಅಷ್ಟೇ.

ಪುಸ್ತಕದಲ್ಲಿ ಸೇರಿಸಿದ ಪದ ಬೇರೆ ಕೆಲಸ ಮಾಡುತ್ತದೆ. 'ಆಕಿಯೋ' ಅಂದರೆ 'ಬಾ' ಅಂತ ಕರೆಯುವ ಮಂತ್ರ. ಏನು ಬರಬೇಕು ಅನ್ನುವುದನ್ನು ಸೇರಿಸಬೇಕು. 'ಆಕಿಯೋ ಫೈರ್‌ಬೋಲ್ಟ್' ಅಂದರೆ ಪೊರಕೆ ಹಾರಿ ಬರುತ್ತದೆ. 'ಮೊಬಿಲಿಆರ್ಬಸ್' ಅಂದರೆ ಮರ ಸರಿಯುತ್ತದೆ, 'ಮೊಬಿಲಿಕಾರ್ಪಸ್' ಅಂದರೆ ಮೈ ಸರಿಯುತ್ತದೆ. ತಲೆ ಒಂದೇ, ಬಾಲ ಬೇರೆ. 'ಲೆವಿಕಾರ್ಪಸ್' ಅಂದರೆ ಮನುಷ್ಯ ತಲೆಕೆಳಗಾಗಿ ನೇತಾಡುತ್ತಾನೆ, 'ಲಿಬೆರಾಕಾರ್ಪಸ್' ಅಂದರೆ ಬಿಡುಗಡೆ. ಇಲ್ಲಿ ಬಾಲ ಒಂದೇ, ತಲೆ ಬೇರೆ. ಮೂರು ಪದ ಕಲಿತ ಹುಡುಗ ನಾಲ್ಕನೆಯದನ್ನು ತಾನೇ ಊಹಿಸಬಹುದು. ಓದುವ ಮಗುವಿಗೆ ಇದಕ್ಕಿಂತ ದೊಡ್ಡ ಖುಷಿ ಯಾವುದಿದೆ?

ಅಷ್ಟೇ ಅಲ್ಲ, ಸರಿಯಾದ ಪದ ಸೇರಿಸಿದರೂ ಮಂತ್ರ ಸೋಲಬಹುದು. ಏಳನೆಯ ಪುಸ್ತಕದಲ್ಲಿ ಡೆತ್ ಈಟರ್ ಒಬ್ಬ 'ಆಕಿಯೋ ಕ್ಲೋಕ್' ಅಂತ ಕಿರುಚುತ್ತಾನೆ, ಹ್ಯಾರಿಯ ಅದೃಶ್ಯ ನಿಲುವಂಗಿ ಮಿಸುಕಾಡುವುದಿಲ್ಲ. ಅದು ಅಂತಿಂಥ ನಿಲುವಂಗಿ ಅಲ್ಲ ಅನ್ನುವುದಕ್ಕೆ ಅದೇ ಸುಳಿವು. ಮಂತ್ರ ಸೋತದ್ದರಿಂದ ಕಥೆ ಗೆದ್ದಿತು.

ರೌಲಿಂಗ್ ಪರ ವಕಾಲತ್ತು ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ. ಆಕೆಯ ಲೆಕ್ಕವೂ ಹಲವು ಕಡೆ ತಪ್ಪುತ್ತದೆ. 'ಲೊಕೊಮೋಟರ್ ಟ್ರಂಕ್' ಅಂದರೆ ಪೆಟ್ಟಿಗೆ ತೇಲುತ್ತದೆ, ಸರಿ. 'ಲೊಕೊಮೋಟರ್ ಮಾರ್ಟಿಸ್' ಅಂದರೆ ಕಾಲು ಕಟ್ಟಿಹಾಕಿದ ಹಾಗಾಗುತ್ತದೆ. ಚಲನೆಯ ಪದಕ್ಕೆ ಸಾವಿನ ಪದ ಸೇರಿದರೆ ಕಾಲೇ ಏಕೆ ಅಂಟಿಕೊಳ್ಳಬೇಕು? ಉತ್ತರ ಇಲ್ಲ. 'ಫಿನಿಟೆ ಇನ್‌ಕಾಂಟಾಟೆಮ್' ಅಂದರೂ ಒಂದೇ, ಬರೀ 'ಫಿನಿಟೆ' ಅಂದರೂ ಒಂದೇ. ಹಾಗಾದರೆ ಎರಡನೆಯ ಪದ ಯಾತಕ್ಕೆ? ಶೋಕಿಗೆ!

ಸಿನಿಮಾದವರೆಲ್ಲ ಕೆಟ್ಟವರು ಅಂತಲೂ ಅಲ್ಲ. 2018ರ 'ಕ್ರೈಮ್ಸ್ ಆಫ್ ಗ್ರಿಂಡೆಲ್‌ವಾಲ್ಡ್' ಸಿನಿಮಾದಲ್ಲಿ 'ಪ್ರೊಟೆಗೊ ಡಯಾಬೊಲಿಕಾ' ಇದೆ. ಕಾಪಾಡುವ ಮಂತ್ರಕ್ಕೆ ಒಂದು ಪದ ಸೇರಿದ ತಕ್ಷಣ ಅದು ನಿಷ್ಠರನ್ನು ಉಳಿಸಿ ಉಳಿದವರನ್ನು ಸುಡುವ ಬೆಂಕಿಯ ಬಳೆಯಾಗುತ್ತದೆ. ಭೇಷ್! ಪದ ಮಂತ್ರದ ಅಳತೆಯನ್ನಲ್ಲ, ಗುಣವನ್ನೇ ಬದಲಿಸಿತು.

ಈ ವಿಷಯದಲ್ಲಿ ನನ್ನ ಗುರು ಅಂದರೆ ಉರ್ಸುಲಾ ಲೆಗ್ವಿನ್. ಆಕೆಯ 'ಎ ವಿಜಾರ್ಡ್ ಆಫ್ ಅರ್ಥ್‌ಸೀ' ಬಂದದ್ದು 1968ರಲ್ಲಿ. ಆ ಲೋಕದಲ್ಲಿ ವಸ್ತುವಿನ ನಿಜನಾಮ ಗೊತ್ತಿದ್ದರೆ ಮಾತ್ರ ಅದರ ಮೇಲೆ ಹಿಡಿತ. ಸಮುದ್ರದ ನಿಜನಾಮ 'ಇನಿಯೆನ್'. ಹಾಗಂತ ಇನಿಯೆನ್ ಅಂದುಬಿಟ್ಟರೆ ಸಮುದ್ರವೆಲ್ಲ ಶಾಂತವಾಗುವುದಿಲ್ಲ. ಒಂದೊಂದು ಕೊಲ್ಲಿಗೆ, ಜಲಸಂಧಿಗೆ ಬೇರೆ ಹೆಸರಿದೆ. ಅಷ್ಟನ್ನೂ ಹೇಳಬೇಕು, ಅಷ್ಟನ್ನು ಕಲಿಯುವಷ್ಟು ಆಯಸ್ಸು ಯಾರಿಗೂ ಇಲ್ಲ. ಅಂದರೆ ಇಲ್ಲಿ ಸೇರಿಸುವ ಒಂದೊಂದು ಪದವೂ ದುಡಿಮೆ. ಇನ್ನೊಂದು ಕಡೆ ಇನ್ನೂ ಸೊಗಸಾದ ಮಾತಿದೆ. 'ಸುಕ್' ಅಂದರೆ ಗರಿ, ಅದಕ್ಕೆ ಇನಿಯೆನ್ ಸೇರಿಸಿದರೆ 'ಸುಕಿಯೆನ್', ಅಂದರೆ ಕಡಲ ಗರಿ, ನೊರೆ. ಆದರೆ ಈ ಜೋಡಿಸಿದ ಪದದಿಂದ ನೊರೆಯ ಮೇಲೆ ಮಾಟ ನಡೆಯುವುದಿಲ್ಲ. ನೊರೆಯ ನಿಜನಾಮ 'ಎಸ್ಸಾ'. ಕವಿಗೆ ಸಾಕಾದ ಪದ ಮಾಂತ್ರಿಕನಿಗೆ ಸಾಲದು. ಎಂಥಾ ಮಾತು ನೋಡಿ!

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೂ "ಇದೆಲ್ಲ ನಮ್ಮ ವೇದದಲ್ಲೇ ಇತ್ತು" ಅಂತ ಶುರು ಮಾಡುತ್ತಾರೆ, ಗೊತ್ತು :-) 'ಇಂದ್ರಶತ್ರು' ಕಥೆ ನಿಜಕ್ಕೂ ಇದೆ. ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಅಂತ ತ್ವಷ್ಟೃ ಹೋಮ ಮಾಡಿದ, ಸ್ವರ ತಪ್ಪಿ ಇಂದ್ರನೇ ಯಾರನ್ನು ಕೊಲ್ಲುವನೋ ಅಂಥವನು ಅಂತ ಅರ್ಥವಾಗಿ, ವೃತ್ರ ಸತ್ತ. ಅಕ್ಷರ ಅವೇ, ಸಮಾಸ ಬೇರೆಯಾಯಿತು. ಆದರೆ ಇದರಿಂದ ಯಾರು ಯಾರನ್ನು ಕದ್ದರು ಅಂತ ಸಾಬೀತಾಗುವುದಿಲ್ಲ. ವ್ಯಾಕರಣ ತಪ್ಪಿದರೆ ಪ್ರಾಣ ಹೋಗುತ್ತದೆ ಅನ್ನುವ ಕಥೆ ನಮ್ಮಲ್ಲಿದ್ದೂ ನಾವು 'ಮಹಾಮಹಾಗ್ನಿ' ಬರೆಯುತ್ತಿದ್ದೇವಲ್ಲ ಅಂತ ನಾಚಿಕೆ ಪಡಬೇಕು, ಅಷ್ಟೇ.

ನನ್ನ ನಿಜವಾದ ಸಂಕಟ ಇದು. ಪ್ರತ್ಯಯ, ಸಂಧಿ, ಸಮಾಸ, ದ್ವಿರುಕ್ತಿ ಎಲ್ಲ ಇರುವ ಭಾಷೆ ಕೈಯಲ್ಲಿಟ್ಟುಕೊಂಡು ನಾವು ಲ್ಯಾಟಿನ್‌ನ ನೆರಳಿಗೆ ಸಂಸ್ಕೃತದ ಬಣ್ಣ ಬಳಿಯುತ್ತಿದ್ದೇವೆ. ಕನ್ನಡದಲ್ಲಿ 'ಹಿರಿದು' ಅನ್ನುವುದನ್ನು ಬೆರಳಿಗೆ ಸೇರಿಸಿ ನೋಡಿ. ಹೆಬ್ಬೆರಳು. ಅದು ದೊಡ್ಡದಾದ ಕಿರುಬೆರಳಲ್ಲ, ಬೇರೆಯದೇ ಬೆರಳು. ಹಾವಿಗೆ ಸೇರಿಸಿ, ಹೆಬ್ಬಾವು. ಅದು ಬರೀ ದೊಡ್ಡ ಹಾವಲ್ಲ, ವಿಷವೇ ಇಲ್ಲದ, ಬಿಗಿದು ಕೊಲ್ಲುವ ಬೇರೆ ಜಾತಿ. ಈಗ ಹಾವಾಗುವ ಮಂತ್ರ ಗೊತ್ತಿರುವ ಮಾಂತ್ರಿಕನೊಬ್ಬ ದುರಾಸೆಯಿಂದ 'ಹೆಬ್ಬಾವಾಗು' ಅಂದ ಅಂದುಕೊಳ್ಳಿ. ಗಾತ್ರ ಬಂತು, ವಿಷ ಹೋಯಿತು! ಇಲ್ಲೇ ಒಂದು ಕಥೆ ಇದೆಯಲ್ಲ?

ದ್ವಿರುಕ್ತಿ ನೋಡಿ. 'ದೊಡ್ಡ ದೊಡ್ಡ ಮರ' ಅಂದರೆ ಒಂದು ಮರ ಇನ್ನೂ ದೊಡ್ಡದಾಗುವುದಿಲ್ಲ, ಹಲವು ಮರ ಆಗುತ್ತದೆ. 'ಮನೆ ಮನೆ' ಅಂದರೆ ಪ್ರತಿಯೊಂದು ಮನೆ. ಒಂದು ಮನೆಯ ಬಾಗಿಲು ತೆರೆಯಲು ಹೋದವನು ಗಾಬರಿಯಲ್ಲಿ ಪದವನ್ನು ಎರಡು ಸಲ ಅಂದರೆ ಊರಿನ ಬಾಗಿಲೆಲ್ಲ ತೆರೆದುಕೊಳ್ಳಲಿ. ಸಂಧಿ ನೋಡಿ. ಹುಲಿ, ತೊಗಲು ಸೇರಿದರೆ ಹುಲಿದೊಗಲು. 'ತ' ಹೋಗಿ 'ದ' ಬರದಿದ್ದರೆ ತೊಗಲು ಮೈಗೆ ಅಂಟದಿರಲಿ. 13ನೇ ಶತಮಾನದ ಕೇಶಿರಾಜ ಚರ್ಚಿಸಿದ ಅರಿಸಮಾಸವಂತೂ ರೆಡಿಮೇಡ್ ಶಾಪ! ಅರಿ ಅಂದರೆ ಶತ್ರು. ಕೂಡಬಾರದ ಸಂಸ್ಕೃತ ಕನ್ನಡ ಪದಗಳನ್ನು ಕೂಡಿಸಿದ ಮಂತ್ರ ಹೇಳಿದವನ ಮೇಲೇ ತಿರುಗಿಬೀಳಲಿ.

"ಮಕ್ಕಳ ಕಥೆಗೆ ಯಾಕ್ರೀ ಇಷ್ಟು ವ್ಯಾಕರಣ?" ಅನ್ನುವವರಿಗೆ ಒಂದು ಪ್ರಶ್ನೆ. ಗಲ್ಲಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್ ಔಟೋ ಅಲ್ಲವೋ ಅಂತ ಗಂಟೆಗಟ್ಟಲೆ ಜಗಳವಾಡುವವರು ಯಾರು? ಮಕ್ಕಳೇ. ನಿಯಮ ಮುರಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. 'ಫೈನಲ್ ಫ್ಯಾಂಟಸಿ' ವಿಡಿಯೋ ಗೇಮಿನಲ್ಲಿ ಫೈರ್, ಫೈರಾ, ಫೈರಾಗಾ ಅಂತ ಬಾಲ ಬೆಳೆದ ಹಾಗೆ ಬೆಂಕಿ ಬೆಳೆಯುತ್ತದೆ. ಆದರೆ ಅಲ್ಲೂ ದೊಡ್ಡ ಮಂತ್ರಕ್ಕೆ ಹೆಚ್ಚು ಶಕ್ತಿ ಖರ್ಚು. ನಮ್ಮ 'ಮಹಾ' ಮಾತ್ರ ಪುಕ್ಕಟೆ.

ಕೊನೆಗೆ ಹ್ಯಾರಿ ವೋಲ್ಡೆಮಾರ್ಟ್‌ನನ್ನು ಎದುರಿಸಿದ್ದು ಯಾವ ಮಂತ್ರದಿಂದ? 'ಎಕ್ಸ್‌ಪೆಲಿಯಾರ್ಮಸ್'. ಎರಡನೆಯ ವರ್ಷದಲ್ಲಿ ಕಲಿತದ್ದು, ಎದುರಾಳಿಯ ಕೈಯಿಂದ ದಂಡ ಹಾರಿಸುವ ಮಂತ್ರ. ಒಂದು ಪದವನ್ನೂ ಸೇರಿಸಲಿಲ್ಲ. ಆ ದಂಡ ನಿಜಕ್ಕೂ ಯಾರದ್ದು ಅನ್ನುವ ನಿಯಮ ಗೊತ್ತಿದ್ದದ್ದರಿಂದ ಗೆದ್ದ.

ಹಾಗಾಗಿ ಫ್ಯಾಂಟಸಿ ಬರೆಯುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ. ಮಂತ್ರಕ್ಕೆ ಪದ ಸೇರಿಸುವ ಮುನ್ನ ಅದು ಏನನ್ನು ಬದಲಿಸುತ್ತದೆ, ಏನನ್ನು ಕಿತ್ತುಕೊಳ್ಳುತ್ತದೆ ಅಂತ ಕೇಳಿಕೊಳ್ಳಿ. ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ಪದವನ್ನು ಹೊಡೆದುಹಾಕಿ.

ಏನಂತೀರಿ?