ಮೀನುಮರಿ ಕೇಂದ್ರದ ಕರೆಂಟು ಎಲ್ಲಿ ಹೋಗುತ್ತದೆ?

ಕಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ, ಆದರೆ ಸಾಮಾನ್ಯವಾಗಿ ಅಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮುಂಗಾರಿನ ಹೊಳೆಯ ಹರಿವು ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಅವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಹೊಳೆಯ ಹಂಗು ತಪ್ಪಿತು, ಹರಿವಿನ ಅಗತ್ಯ ತಪ್ಪಲಿಲ್ಲ. ಹೊಳೆ ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಈಗ ಮೋಟಾರು ಮಾಡುತ್ತಿದೆ.

ವೃತ್ತಾಕಾರದ ಹ್ಯಾಚರಿ ತೊಟ್ಟಿಯೊಳಗೆ ಒಮ್ಮೆ ಬಗ್ಗಿ ನೋಡಬೇಕು. ನೆನೆಸಿದ ಸಬ್ಬಕ್ಕಿಯಂತಹ ಮೊಟ್ಟೆಗಳು, ತಳದ ಓರೆ ನಳಿಕೆಗಳಿಂದ ನುಗ್ಗುವ ನೀರಿನಲ್ಲಿ ಸುತ್ತುತ್ತಲೇ ಇರುತ್ತವೆ. ಹರಿವು ನಿಂತರೆ ತಳದಲ್ಲಿ ಒಂದರ ಮೇಲೊಂದು ಕೂತು ಉಸಿರುಗಟ್ಟಿ ಸಾಯುತ್ತವೆ. 14ರಿಂದ 18 ಗಂಟೆಯಲ್ಲಿ ಮರಿ ಹೊರಬರುತ್ತದೆ. ಹೊಟ್ಟೆಯ ಹಳದಿ ಚೀಲ ಕರಗಲು ಇನ್ನೂ ಮೂರು ದಿನ. ಅಷ್ಟೂ ಹೊತ್ತು, ಹಗಲು ರಾತ್ರಿ, ನೀರು ಓಡುತ್ತಿರಬೇಕು.

ಲೆಕ್ಕ ಹಾಕೋಣ. ಸೆಕೆಂಡಿಗೆ 2 ಲೀಟರ್ ಹರಿದರೂ ದಿನಕ್ಕೆ 1,72,800 ಲೀಟರ್ ಆಯಿತು. ಪಂಪಿನ ದಕ್ಷತೆ ಶೇ. 50 ಎಂದಿಟ್ಟುಕೊಳ್ಳಿ. ಪಕ್ಕದ ಕೆರೆಯಿಂದ 6 ಮೀಟರ್ ಮೇಲೆತ್ತಲು ದಿನಕ್ಕೆ ಸುಮಾರು 6 ಯೂನಿಟ್ ಸಾಕು. ಅಷ್ಟೇ ನೀರನ್ನು ಕೊಳವೆಬಾವಿಯಲ್ಲಿ 150 ಮೀಟರ್ ಆಳದಿಂದ ತೆಗೆದರೆ 141 ಯೂನಿಟ್! ನೀರೂ ಅದೇ, ಮರಿಯೂ ಅದೇ. ಹಾಗಾಗಿ ಜಾಗ ಆರಿಸಿದ ದಿನವೇ ಮುಂದಿನ ಇಪ್ಪತ್ತು ವರ್ಷದ ಬಿಲ್ಲು ಬಹುಪಾಲು ನಿಗದಿಯಾಗಿರುತ್ತದೆ. ಬಿ.ಆರ್. ಪ್ರಾಜೆಕ್ಟ್, ಟಿ.ಬಿ. ಡ್ಯಾಮ್‌ಗಳಲ್ಲಿ ಜಲಾಶಯದ ಮಗ್ಗುಲಲ್ಲೇ ಮೀನು ಸಾಕಣೆ ಕೇಂದ್ರ ಕಟ್ಟಿದ ಹಿರಿಯರ ವಿವೇಕ ದೊಡ್ಡದು.

ಈಗಾಗಲೇ ಕಟ್ಟಿ ಮುಗಿಸಿದವರೂ ಕೈಚೆಲ್ಲಬೇಕಿಲ್ಲ. ತೊಟ್ಟಿಯ ನಳಿಕೆಗಳಿಗೆ ಸಾಮಾನ್ಯವಾಗಿ ಎರಡು-ಮೂರು ಮೀಟರ್ ಎತ್ತರದ ಒತ್ತಡ ಸಾಕು. ಓವರ್‌ಹೆಡ್ ಟ್ಯಾಂಕನ್ನು ಮೂರನೇ ಮಹಡಿಯಷ್ಟು ಎತ್ತರಿಸಿ, ಕೆಳಗೆ ವಾಲ್ವ್ ಬಿಗಿದು ಒತ್ತಡ ಕೊಲ್ಲುವುದು ಶುದ್ಧ ನಷ್ಟ. ಮೂರಿಂಚಿನ ಪೈಪ್ ತೆಗೆದು ನಾಲ್ಕಿಂಚಿನದು ಹಾಕಿದರೆ ಅಷ್ಟೇ ಹರಿವಿಗೆ ಘರ್ಷಣೆಯ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಹರಿವೂ ಸದಾ ಒಂದೇ ಇರಬೇಕಿಲ್ಲ. ಮೊಟ್ಟೆ ಒಡೆಯುವ ಹೊತ್ತಿಗೆ ಎಳೆಜೀವಕ್ಕೆ ಪೆಟ್ಟಾಗದಂತೆ ಹೇಗೂ ನೀರು ತಗ್ಗಿಸಬೇಕು. ಆಗ ಟ್ಯಾಂಕ್ ತುಂಬಿ ಹೊರಚೆಲ್ಲದಂತೆ ಮೋಟಾರನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಇದ್ದರೆ ಆ ಉಳಿತಾಯ ಕೈಗೆ ಸಿಗುತ್ತದೆ. ತೊಟ್ಟಿಯಿಂದ ಹೊರಬಿದ್ದ ನೀರನ್ನು ಚರಂಡಿಗೆ ಬಿಡದೆ ಇಳಿಜಾರಿನಲ್ಲೇ ಮರಿ ಪಾಲನೆಯ ಕೊಳಗಳಿಗೆ ಹರಿಸಿದರೆ ಇನ್ನಷ್ಟು ಪಂಪಿಂಗ್ ತಪ್ಪುತ್ತದೆ.

ನಮಗೊಂದು ಅನುಕೂಲವೂ ಇದೆ. 1,000 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ಯೂನಿಟ್ ಬೇಕು. ಅದೇ ನೀರನ್ನು 427 ಮೀಟರ್ ಎತ್ತಲು ಬೇಕಾಗುವಷ್ಟು ಶಕ್ತಿ ಅದು. ಚಳಿನಾಡಿನಲ್ಲಿ ನೀರು ಕಾಯಿಸಬೇಕಾದ ಹ್ಯಾಚರಿಗಳ ಕಷ್ಟ ಅಲ್ಲಿದೆ. ನಮ್ಮ ಗೆಂಡೆ ಮೀನಿಗೆ ಮುಂಗಾರಿನ ನೀರೇ ಹದವಾಗಿರುತ್ತದೆ.

ಆದರೆ ಮುಂಗಾರೆಂದರೆ ಮೋಡ. ಸೋಲಾರ್ ಹಾಕಿಸುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು: ಹಂಗಾಮಿನಲ್ಲೇ ಬಿಸಿಲು ಕಡಿಮೆ, ಮೊಟ್ಟೆಗಾದರೋ ರಾತ್ರಿಯೂ ನೀರು ಬೇಕು. ಬ್ಯಾಟರಿಗಿಂತ ದೊಡ್ಡ ಟ್ಯಾಂಕ್ ಮೇಲು. 50,000 ಲೀಟರ್ ಟ್ಯಾಂಕನ್ನು ಹಗಲಲ್ಲೇ ತುಂಬಿಸಿಟ್ಟರೆ ಸೆಕೆಂಡಿಗೆ 2 ಲೀಟರಿನಂತೆ ಸುಮಾರು ಏಳು ಗಂಟೆ ತಾನಾಗಿಯೇ ಹರಿಯುತ್ತದೆ. ಕರೆಂಟು ಹೋದಾಗಲೂ ಮೊದಲು ಕಾಯುವುದು ಅದೇ. ಹಾಗೆಂದು ಜನರೇಟರ್ ತೆಗೆಯುವ ಮಾತು ಬೇಡ. ಲಕ್ಷಾಂತರ ಮರಿಗಳ ಜೀವ ಪಣಕ್ಕಿಟ್ಟು ಮಾಡುವ ಉಳಿತಾಯ ಉಳಿತಾಯವಲ್ಲ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹ್ಯಾಚರಿ ಕಟ್ಟಲು ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ನಿಗದಿಯಾಗಿತ್ತು. ಇಂತಹ ನೆರವು ಮಂಜೂರು ಮಾಡುವ ಮುನ್ನ ತೊಟ್ಟಿಯ ವಿಸ್ತೀರ್ಣದ ಜೊತೆಗೆ ನೀರಿನ ಆಳ, ಟ್ಯಾಂಕಿನ ಎತ್ತರ, ಪೈಪಿನ ಅಳತೆಯನ್ನೂ ಅಧಿಕಾರಿಗಳು ಪರಿಶೀಲಿಸಲಿ. ಕಟ್ಟಡಕ್ಕೆ ಸರ್ಕಾರ ಒಮ್ಮೆ ನೆರವಾಗುತ್ತದೆ. ಬಿಲ್ಲನ್ನು ರೈತ ಪ್ರತಿ ಹಂಗಾಮಿನಲ್ಲೂ ತಾನೇ ಕಟ್ಟಬೇಕು.